ಕೊನೆಯ ಪ್ಯಾರಾ

ಶಂಕರಪುರಂನಲ್ಲಿ ತರಕಾರಿ ಅಂಗಡಿ ಇಟ್ಟಿರುವ ಧರ್ಮರಾಜು, ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ನೋಡಿಯೇ ತಕ್ಕಡಿಗೆ ಹಾಕುವ ಮನುಷ್ಯ. ಅವಸರದ ಗಿರಾಕಿಗಳಿಗೆ ಇದೊಂದು ತಲೆನೋವು. ನನಗೂ.

ಆರು ವರ್ಷಗಳಿಂದ ಅವರು ಖಾಸಗಿ ಆಸ್ಪತ್ರೆಯೊಂದರ ಎಥಿಕ್ಸ್ ಕಮಿಟಿಯ ಸದಸ್ಯರು. ರೋಗಿಗಳ ಮೇಲೆ ಹೊಸ ಔಷಧ ಪರೀಕ್ಷಿಸುವ ಮೊದಲು ಈ ಕಮಿಟಿ ಬಹುಮತದಿಂದ ಒಪ್ಪಬೇಕು. ಡಾಕ್ಟರೂ ಅಲ್ಲದ, ವಕೀಲರೂ ಅಲ್ಲದ ಒಬ್ಬ ಜನಸಾಮಾನ್ಯ ಅದರಲ್ಲಿ ಇರಲೇಬೇಕೆಂಬುದು ನಿಯಮ. ಅಂಗಡಿಗೆ ಬರುತ್ತಿದ್ದ ಡಾಕ್ಟರೊಬ್ಬರು ಇವರನ್ನು ಕರೆದೊಯ್ದು ಕೂರಿಸಿದರು. ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರ ಓದಿ, ಅರ್ಥವಾಗುತ್ತದೋ ಇಲ್ಲವೋ ಹೇಳುವುದು ಇವರ ಕೆಲಸ. ಸಭೆಯ ಮಾತು ಹೊರಗೆ ಆಡುವುದಿಲ್ಲವೆಂದು ಬರೆದುಕೊಟ್ಟಿದ್ದರು.

ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಪತ್ರಿಕೆಯೊಂದರಲ್ಲಿ ಶೀರ್ಷಿಕೆ ಕೊಡುವ, ಸುದ್ದಿ ತಿದ್ದುವ ಉಪಸಂಪಾದಕ.

ಹೋದ ವರ್ಷ ಆ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಹೊಸ ಔಷಧದ ಪ್ರಯೋಗ ಗಲಾಟೆಗೆ ಕಾರಣವಾಯಿತು. ಅರ್ಧ ಜನಕ್ಕೆ ಕೊಟ್ಟದ್ದು ಔಷಧವೇ ಇಲ್ಲದ ಹುಸಿ ಮಾತ್ರೆ. ಅದು ತಮಗೆ ತಿಳಿದೇ ಇರಲಿಲ್ಲ ಎಂದು ರೋಗಿಗಳು ದೂರಿದರು. ನಮ್ಮ ವರದಿಗಾರ್ತಿ ಲಾಸ್ಯಾ ಸುದ್ದಿ ಕಳಿಸಿದಳು. ಕಮಿಟಿಯವರ ಹೆಸರುಗಳ ನಡುವೆ 'ತರಕಾರಿ ವ್ಯಾಪಾರಿ' ಕಂಡದ್ದೇ ನನ್ನ ಕೈ ತುರಿಸಿತು. ಪಕ್ಕದ ಹೆಸರನ್ನೂ ಗಮನಿಸದೆ 'ಔಷಧ ಪ್ರಯೋಗಕ್ಕೆ ತರಕಾರಿ ವ್ಯಾಪಾರಿ ಅಸ್ತು!' ಎಂದು ಶೀರ್ಷಿಕೆ ಕೊಟ್ಟೆ. ಅಷ್ಟರಲ್ಲಿ ಜಾಹೀರಾತು ಬಂತು. ಜಾಗ ಸಾಲದಿದ್ದರೆ ಸುದ್ದಿಯನ್ನು ಬಾಲದಿಂದ ಕತ್ತರಿಸುವುದು ನಮ್ಮ ಪದ್ಧತಿ. ಕೊನೆಯ ಪ್ಯಾರಾ ಕಿತ್ತುಹಾಕಿದೆ.

ಮರುದಿನ ಅಂಗಡಿಯ ಮುಂದೆ ನಿಂತಾಗಲೇ ಅದು ಇವರೆಂದು ತಿಳಿದದ್ದು. "ಏನ್ ಡಾಕ್ಟ್ರೇ, ಸೋರೆಕಾಯಿಗೆ ಯಾವ ಮಾತ್ರೆ?" ಎಂದು ಒಬ್ಬ ರೇಗಿಸುತ್ತಿದ್ದ. ಹುಸಿ ಮಾತ್ರೆ ನುಂಗಿದ ಗಂಡನ ಕಾಲಿನ ಹುಣ್ಣು ಬಲಿತು ಕಂಗೆಟ್ಟಿದ್ದ ಕಾವೇರಮ್ಮ, "ಓದ್ದೇನೇ ಸೈನ್ ಹಾಕ್ಬಿಟ್ರಲ್ಲ ಅಣ್ಣಾ," ಎಂದು ಅತ್ತರು. ಧರ್ಮರಾಜು ಆಕೆಯ ಚೀಲಕ್ಕೆ ಸೊಪ್ಪು ತುಂಬಿದರು.

ಹೆಂಡತಿ ಮುನಿರತ್ನಮ್ಮ ಸಿಡಿದರು. "ನಡೆದಿದ್ದೇನು ಅಂತ ಹೇಳಿ ಮರ್ಯಾದೆ ಉಳಿಸ್ಕೊಳ್ರೀ!"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಕಣೆ."

ನಾನು ಕಳ್ಳನಂತೆ ಜಾರಿಕೊಂಡೆ. ಆಮೇಲೆ ನಾಲ್ಕು ತಿಂಗಳು ತರಕಾರಿಗೆ ಚಾಮರಾಜಪೇಟೆಗೆ ಹೋದೆ.

ಕೊನೆಗೆ ತನಿಖಾ ವರದಿ ಬಂತು. ಹುಸಿ ಮಾತ್ರೆಯ ವಿಷಯ ಜನಕ್ಕೆ ಅರ್ಥವಾಗುವಂತೆ ಬರೆದಿಲ್ಲ ಎಂದು ಸಹಿ ಹಾಕಲು ಒಪ್ಪದಿದ್ದವರು ಕಮಿಟಿಯಲ್ಲಿ ಒಬ್ಬರೇ, ಧರ್ಮರಾಜು. ಅದಕ್ಕೆ ನಮ್ಮ ಪತ್ರಿಕೆ ಒಂಬತ್ತನೇ ಪುಟದಲ್ಲಿ ನಾಲ್ಕು ಸಾಲು ಕೊಟ್ಟಿತು. ಲಾಸ್ಯಾ ಅಂದು ಕಳಿಸಿದ್ದ ಮೂಲ ಸುದ್ದಿಯನ್ನು ಹುಡುಕಿ ತೆಗೆದೆ. ನಾನು ಕಿತ್ತ ಪ್ಯಾರಾ ಅಲ್ಲಿತ್ತು: 'ಒಬ್ಬ ಸದಸ್ಯರು ಮಾತ್ರ ಸಹಿ ಹಾಕಲು ನಿರಾಕರಿಸಿದ್ದರೆಂದು ಮೂಲಗಳು ತಿಳಿಸಿವೆ. ಹೆಸರು ತಿಳಿದುಬಂದಿಲ್ಲ.' ನಾಚಿಕೆಯಾಯಿತು.

ಅಂಗಡಿಗೆ ಹೋದೆ. "ಆ ಹೆಡ್ಡಿಂಗ್ ಕೊಟ್ಟಿದ್ದು ನಾನೇ ಧರ್ಮರಾಜು ಅವರೇ. ತಪ್ಪಾಯ್ತು."

ಅವರು ಬದನೆಕಾಯಿ ತಿರುಗಿಸುತ್ತಲೇ ಇದ್ದರು. "ತರಕಾರಿ ವ್ಯಾಪಾರಿ ಅಂದಿದ್ದಕ್ಕೆ ಬೇಜಾರಿಲ್ಲ ಸಾರ್, ನಾನು ಅದೇ ಅಲ್ವಾ. ಓದಿಲ್ಲ ಅಂದ್ಕೊಂಡ್ರಲ್ಲ ಜನ, ಅದು ನೋವಾಯ್ತು. ಹನ್ನೆರಡು ಪುಟ ಇತ್ತು, ಎರಡು ಸಲ ಓದಿದ್ದೆ." ಕಾಯಿಯನ್ನು ತಕ್ಕಡಿಗೆ ಹಾಕಿದರು. "ನಿಮ್ ಸುದ್ದಿ ಎಷ್ಟಿತ್ತು ಸಾರ್?"

"ಒಂಬತ್ತು ಪ್ಯಾರಾ."

"ಎಷ್ಟು ಓದಿದ್ರಿ?"

"ಎಂಟು," ಎಂದೆ.