ಸೊಟ್ಟ ಮೇಸ್ತ್ರಿಯ ಗೋಡೆ

ಊರಿಗೆಲ್ಲ ಅವರು ಸೊಟ್ಟ ಮೇಸ್ತ್ರಿ. ಮನುಷ್ಯ ನೆಟ್ಟಗೇ ಇದ್ದರು. ಸೊಟ್ಟಗಿದ್ದದ್ದು ಇಪ್ಪತ್ತಾರು ವರ್ಷದ ಹಿಂದೆ ಅವರು ಕಟ್ಟಿದ ಶಾಲೆಯ ಉದ್ದನೆಯ ಗೋಡೆ. ಕಟ್ಟಿದ ಕೆಲವೇ ವರ್ಷಕ್ಕೆ ಏಳನೇ ತರಗತಿಯ ಕೋಣೆಯ ಬಳಿ ಅದು ಬಿರುಕುಬಿಟ್ಟಿತು. ಬಿರುಕಿನ ಈಚೆಯ ಗೋಡೆ ನಿಂತಲ್ಲೇ ನಿಂತು, ಆಚೆಯದು ಹೊರಕ್ಕೆ ಸರಿದಂತೆ ಕಾಣತೊಡಗಿತು. "ಗೋಡೆ ನೆಟ್ಟಗಿರ್ಲಿ ಅಂತ ದಾರ ಹಿಡಿಯೋವಾಗ ತೂಕಡಿಸಿದ್ರಾ ಮೇಸ್ತ್ರೀ?" ಎಂದು ಕಂಡವರೆಲ್ಲ ಕಾಲೆಳೆದರು. ಮೇಸ್ತ್ರಿಯೂ ನಗುತ್ತಿದ್ದರು, ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ಪ್ರತಿ ರಜೆಯಲ್ಲೂ ಯಾರಿಗೂ ಹೇಳದೆ ಬಿರುಕಿಗೆ ಗಾರೆ ತುಂಬಿ, ನಯವಾಗಿ ತಿಕ್ಕಿ, ಬಣ್ಣ ಬಳಿದುಬಿಡುತ್ತಿದ್ದರು. ಶಾಲೆ ಶುರುವಾದ ಮೇಲೆ ಬರುವ ಇಂಜಿನಿಯರು ಗೋಡೆ ತಟ್ಟಿ ನೋಡಿ, ಗಟ್ಟಿಮುಟ್ಟಾಗಿದೆ ಎಂದು ಬರೆದು ಹೋಗುತ್ತಿದ್ದರು. ಸದ್ಯ ಮಾನ ಉಳಿಯಿತು ಎಂದುಕೊಳ್ಳುತ್ತಿದ್ದರು ಮೇಸ್ತ್ರಿ.

ಈ ವರ್ಷ ರಜೆಯಿಡೀ ಜ್ವರ. ಇಂಜಿನಿಯರು ನಾಳೆ ಬರುತ್ತಾರೆ ಅನ್ನುವಾಗ, ತರಗತಿ ನಡೆಯುತ್ತಿದ್ದಂತೆಯೇ ಹೊರಗಡೆ ಏಣಿ ಹಾಕಿದರು. ಒಳಗೆ ಪಾಠ ಮಾಡುತ್ತಿದ್ದವಳು ಅವರ ಮಗಳೇ. ಮೇಜಿನ ಮೇಲೆ ಎರಡು ನೋಟ್‌ಬುಕ್ಕು ಇಟ್ಟುಕೊಂಡಿದ್ದಳು.

"ನಾವು ನಿಂತಿರೋ ನೆಲ ಒಂದೇ ತುಂಡಲ್ಲ ಮಕ್ಕಳೇ. ದೊಡ್ಡ ದೊಡ್ಡ ಫಲಕಗಳು, ಉಗುರು ಬೆಳೆಯೋ ಹಾಗೆ ನಿಧಾನವಾಗಿ ಸರೀತಾ ಇರ್ತವೆ. ಎದುರುಬದುರು ಒತ್ತಿದ್ರೆ?"

ಅವಳು ನೋಟ್‌ಬುಕ್ಕುಗಳನ್ನು ಒಂದಕ್ಕೊಂದು ಒತ್ತಿದಳು, ಹಾಳೆಗಳು ಮಡಚಿ ಮೇಲೆದ್ದವು. "ಬೆಟ್ಟ!" ಎಂದು ಮಕ್ಕಳು ಕೂಗಿದರು.

"ಒಂದರ ಕೆಳಗೆ ಇನ್ನೊಂದು ನುಗ್ಗಿದ್ರೆ ಸಮುದ್ರದಲ್ಲಿ ಆಳವಾದ ಕಂದಕ, ಪಕ್ಕದಲ್ಲಿ ಸಾಲು ಜ್ವಾಲಾಮುಖಿ. ದೂರ ಸರಿದ್ರೆ ಉದ್ದದ ಕಣಿವೆ. ಸಮುದ್ರದ ತಳದಲ್ಲಾದ್ರೆ ಕರಗಿದ ಕಲ್ಲು ಮೇಲೆ ಬಂದು ಹೊಸ ನೆಲ. ಹೀಗೆ ಪಕ್ಕಪಕ್ಕದಲ್ಲೇ ಉಜ್ಕೊಂಡು ಹೋದ್ರೆ ಬೆಟ್ಟಾನೂ ಇಲ್ಲ, ಜ್ವಾಲಾಮುಖೀನೂ ಇಲ್ಲ. ನೆಟ್ಟಗಿದ್ದ ಹೊಳೆ, ದಾರಿ, ಬೇಲಿ ತುಂಡಾಗಿ ಪಕ್ಕಕ್ಕೆ ಸರಿಯುತ್ತೆ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡು ಒಂದೇ ಸಲ ಜಾರಿದ್ರೆ ಭೂಕಂಪ."

ಹೊರಗೆ ಗಾರೆ ಮೆತ್ತುತ್ತಿದ್ದ ಮೇಸ್ತ್ರಿಯ ಕರಣೆ ಅಲ್ಲೇ ನಿಂತಿತು. ಮೆಲ್ಲಗೆ ಇಳಿದು, ಬಿರುಕಿನ ನೇರಕ್ಕೆ ನಡೆಯತೊಡಗಿದರು. ಶಾಲೆಯ ಕಾಂಪೌಂಡು ಅದೇ ಗೆರೆಯಲ್ಲಿ ತುಂಡಾಗಿ, ನಾಲ್ಕು ಬೆರಳು ಸರಿದಿತ್ತು. ರಸ್ತೆಯಾಚೆಯ ಚರಂಡಿಯ ಅಂಚೂ ಅದೇ ಕಡೆಗೆ, ಅಷ್ಟೇ ದೂರ. ಅಂಚೆ ಕಚೇರಿಯ ಮೆಟ್ಟಿಲೂ ಅಷ್ಟೇ. ಮೂರನ್ನೂ ಕಟ್ಟಿದವರು ಬೇರೆ ಬೇರೆಯವರು. ಎಲ್ಲರೂ ಒಂದೇ ಗೆರೆಯ ಮೇಲೆ ತೂಕಡಿಸಿರಲು ಸಾಧ್ಯವೇ? ಆ ಗೆರೆ ಹೋಗಿ ನುಗ್ಗಿದ್ದು ಮೂವತ್ತನಾಲ್ಕು ಮಕ್ಕಳೂ ಮಗಳೂ ಇದ್ದ ಕೋಣೆಯ ಅಡಿಗೆ. ಬಿದ್ದಂಬೀಳ ಓಡಿಬಂದು, ತರಗತಿಯ ಬಾಗಿಲಲ್ಲಿ ನಿಂತಿದ್ದ ಹೆಡ್‌ಮಿಸ್ಸಿಗೆ ಕೂಗಿ ಹೇಳಿದರು.

"ಅಮ್ಮಾ, ಮೊದಲು ಮಕ್ಕಳನ್ನ ಹೊರಗೆ ಕಳಿಸಿ!"

ಹೆಡ್‌ಮಿಸ್ಸು ಗಾಬರಿಯಾದರು. "ಯಾಕೆ ಮೇಸ್ತ್ರಿ? ಇಂಜಿನಿಯರು ಪ್ರತಿ ವರ್ಷ ಸರಿಯಾಗಿದೆ ಅಂತಾರಲ್ಲ?"

"ಅವರು ನೋಡಿದ್ದು ಗೋಡೆ ಅಲ್ಲಮ್ಮಾ, ನನ್ನ ಗಾರೆ." ಏಣಿಯ ಕಡೆ ಕೈ ತೋರಿಸಿದರು. "ನನ್ನ ತಪ್ಪು ಅಂದ್ಕೊಂಡು ಮುಚ್ಚಿಡ್ತಾ ಬಂದೆ. ಸರೀತಾ ಇರೋದು ಕೆಳಗಿನ ನೆಲ, ಕಾಂಪೌಂಡೂ ಚರಂಡೀನೂ ಇದೇ ಗೆರೇಲಿ ತುಂಡಾಗಿವೆ."

ಮಗಳು ಅಪ್ಪನ ಮುಖವನ್ನೇ ನೋಡಿದಳು. ತಕ್ಷಣ ಮಕ್ಕಳನ್ನು ಸಾಲಾಗಿ ಬಯಲಿಗೆ ನಡೆಸಿದಳು.

ಕೊನೆಯ ಮಗು ಹೊರಬಿದ್ದ ಮೇಲೆ ಮೇಸ್ತ್ರಿ ಉಳಿ ಇಟ್ಟು ಹೊಡೆದರು. ಅಷ್ಟು ವರ್ಷದ ಗಾರೆ ಪದರ ಪದರವಾಗಿ ಉದುರಿತು. ಹಿಂದೆ ಅಂಗೈ ತೂರುವಷ್ಟು ಸಂದು. ಆಚೆಗೆ ಖಾಲಿ ಬೆಂಚುಗಳು, ಮೇಜಿನ ಮೇಲೆ ಆ ಎರಡು ನೋಟ್‌ಬುಕ್ಕು. ಇದರ ಪಕ್ಕದಲ್ಲೇ ಮಗಳನ್ನು ದಿನಾ ನಿಲ್ಲಿಸಿದ್ದೆನಲ್ಲ ಎಂದುಕೊಂಡರು.

ಬಯಲಿನಲ್ಲಿ ಮಗಳು ಹಾಜರಿ ಕರೆಯುತ್ತಿದ್ದಳು. ಹೆಡ್‌ಮಿಸ್ಸು ಸಂದಿನೊಳಗೆ ನೋಡಿ, "ಹಾಗಾದ್ರೆ ನಿಮ್ಮ ದಾರ ನೆಟ್ಟಗೇ ಇತ್ತು ಮೇಸ್ತ್ರಿ" ಎಂದರು.

ಇಷ್ಟು ವರ್ಷ ಅವರು ಕಾದದ್ದು ಈ ಒಂದು ಮಾತಿಗೆ.

"ತಪ್ಪು ನನ್ನದೇ ಆಗಿದ್ರೆ ಚೆನ್ನಾಗಿತ್ತಮ್ಮಾ," ಎಂದರು ಮೇಸ್ತ್ರಿ. "ಇನ್ನೊಂದು ಸಲ ಕಟ್ಟಿಕೊಡ್ತಿದ್ದೆ."