ಸುಮಕ್ಕ, ಆ ರಕ್ತ ಚೆನ್ನಾಗಿರಲಿಲ್ಲ

ಸುಮಕ್ಕ, ನಿಮ್ಮ ಯಜಮಾನರು ಕುಡಿಯುತ್ತಾರೆಂಬುದು ನಿಮಗಿಂತ ಮೊದಲು ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ನಿಮಗೆ ಸುಳ್ಳು ಹೇಳಿದೆ. ಈ ದೇಶಕ್ಕೆ ಬಂದಾಗಿನಿಂದ ನಿಮ್ಮ ಕೈಯಡುಗೆ ಉಂಡವಳು ನಾನು; ಉಂಡ ಮನೆಗೆ ಎರಡು ಬಗೆದೆ.

ಕುಡಿತದಿಂದ ಲಿವರ್ ಕೆಟ್ಟವರಲ್ಲಿ ಯಾರು ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ — ಅದನ್ನು ರಕ್ತದಲ್ಲಿರುವ ಗುರುತುಗಳಿಂದ ಮುಂಚೆಯೇ ತಿಳಿಯಬಹುದೇ ಎಂದು ಸ್ಯಾನ್ ಡಿಯೇಗೋದ ನಮ್ಮ ಲ್ಯಾಬಿನಲ್ಲಿ ಹುಡುಕುತ್ತಿದ್ದೆವು. ಹೋಲಿಸಲು ಕುಡಿಯದವರ ರಕ್ತವೂ ಬೇಕಿತ್ತು. ಕೋವಿಡ್ ಕಾಲ, ಯಾರೂ ಬರುತ್ತಿರಲಿಲ್ಲ. ನೀವಿರುವ ಸೆರಿಟೋಸ್‌ನಿಂದ ನಿಮ್ಮ ಯಜಮಾನರನ್ನೇ ಕರೆಸಿದೆ.

ರಕ್ತ ತೆಗೆಯುವ ಮುನ್ನ ಪ್ರತಿಯೊಬ್ಬರನ್ನೂ ಕೇಳಬೇಕು: ಕುಡಿಯುತ್ತೀರಾ, ಎಷ್ಟು? ಧಾರವಾಡದ ಹಿರಿಯರು, ದಿನಾ ಲಿಂಗಪೂಜೆ ಮಾಡುವವರು — ಅವರನ್ನು ಆ ಮಾತು ಕೇಳುವುದು ಹೇಗೆ? ಕೇಳದೆಯೇ 'ಇಲ್ಲ' ಎಂದು ಬರೆದುಕೊಂಡೆ. ಅವರು ತೋಳು ಚಾಚಿ ನಕ್ಕರು.

"ಎಷ್ಟ್ ಬೇಕಷ್ಟು ತಗೋವಾ. ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದದ್ದಕ್ಕ ಒಂದ್ ಕಪ್ ಚಾ ಕುಡಸು, ಸಾಕು."

ಕುಡಿಯದವರ ಸಾಲಿನಲ್ಲಿರಬೇಕಾದ ಆ ರಕ್ತ, ಪರೀಕ್ಷೆಯಾದ ಮೇಲೆ, ಲಿವರ್ ತೀರಾ ಕೆಟ್ಟಿದ್ದ ನಮ್ಮ ರೋಗಿಗಳ ಪಕ್ಕ ಹೋಗಿ ಕೂತಿತ್ತು. ಸೀಸೆಯ ಮೇಲೆ ಹೆಸರಿರಲಿಲ್ಲ. ಆದರೆ ಆ ವಾರ ಬಂದವರು ಅವರೊಬ್ಬರೇ. ಹೇಳಬೇಕಿತ್ತು — ಅವರಿಗೆ, ನಿಮಗೆ, ನನ್ನ ಬಾಸ್‌ಗೆ. ಹೇಳಿದರೆ, ಕುಡಿತದ ಪ್ರಶ್ನೆ ಕೇಳಿದ್ದೆಯಾ ಎನ್ನುತ್ತಿದ್ದರು ಬಾಸ್. ಕೆಲಸ, ವೀಸಾ... ಸ್ಯಾಂಪಲ್ ಕೆಟ್ಟಿದೆ ಎಂದು ಹೇಳಿ ಎಸೆದುಬಿಟ್ಟೆ. ಹೇಡಿ ನಾನು.

ಆ ವಾರವೇ ನೀವು ಫೋನ್ ಮಾಡಿದಿರಿ. "ನಮ್ಮವರ ರಕ್ತ ಹ್ಯಾಂಗೈತ್ವಾ?"

"ಚೊಲೋ ಐತ್ರಿ ಅಕ್ಕಾ," ಎಂದೆ.

ಆ ಮಾತು ನಂಬಿ ನೀವು ಅವರೊಬ್ಬರನ್ನೇ ಮನೆಯಲ್ಲಿ ಬಿಟ್ಟು ದೂರದ ಕಲ್ವರ್ ಸಿಟಿಯ ಕೆಲಸಕ್ಕೆ ಸೇರಿದಿರಿ. ಮರುವರ್ಷ ಅವರ ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು, ಗ್ಯಾರೇಜಿನಲ್ಲಿ ಬಾಟಲಿಗಳು ಸಿಕ್ಕವು; ಅವರು ಉಳಿಯಲಿಲ್ಲ. ಮೊದಲೇ ಗೊತ್ತಾಗಿ ಕುಡಿತ ಬಿಟ್ಟಿದ್ದರೆ ಉಳಿಯಬಹುದಿತ್ತು ಎಂದರು ಡಾಕ್ಟರ್. ನಾನು ನಿಮ್ಮ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಇಷ್ಟೇ ಆಗಿದ್ದರೆ ಹೊತ್ತುಕೊಂಡು ಸಾಯಬಹುದಿತ್ತೇನೋ. ಆದರೆ ನೀವು ಈಗಲೂ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತೀರಿ — "ಈಕೀನ ನೋಡಿದ್ಳರೀ, ಆಗ ರಕ್ತ ಚೊಲೋನ ಇತ್ತು. ನಾ ಕೆಲಸಕ್ಕ ಹೋದೆ, ಅವ್ರು ಮನ್ಯಾಗ ಒಬ್ಬರ ಆದ್ರು, ಕುಡಿಯಾಕ ಹತ್ತಿದ್ರು. ನಾನ ಕೊಂದೆ."

ನಿಮ್ಮ ಮಗಳೂ ಹಾಗೆಯೇ ನಂಬಿದ್ದಾಳೆ. ನಿಮ್ಮೊಡನೆ ಮುಖ ಕೊಟ್ಟು ಮಾತಾಡುವುದಿಲ್ಲ. ನಾನು ತಲೆ ತಗ್ಗಿಸಿ ನೀವು ಕೊಟ್ಟ ಚಹಾ ಕುಡಿಯುತ್ತೇನೆ.

ಇಲ್ಲ ಅಕ್ಕಾ. ನೀವು ಕೆಲಸಕ್ಕೆ ಸೇರುವ ಮೊದಲೇ ಆ ರಕ್ತ ಕೆಟ್ಟಿತ್ತು. ಅದನ್ನು ನೋಡಿದವಳು ನಾನೊಬ್ಬಳೇ.

ಶನಿವಾರ ಬರುತ್ತೇನೆ, ಎದುರು ಕೂತು ಇದನ್ನೇ ಹೇಳುತ್ತೇನೆ. ಚಹಾ ಇಡಬೇಡಿ. ಮಗಳನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಳ್ಳಿ.