ಮಳೆ ಗೊತ್ತಿದೆ ಎಂದುಕೊಂಡವರು

ಮಸ್ಕತ್ತಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ದಿನ ಮಗಳ ಶಾಲೆಗೆ ಮಳೆಯ ರಜೆ ಕೊಟ್ಟರು. ಬಾಲ್ಕನಿಗೆ ಹೋಗಿ ನೋಡಿದರೆ ಮಳೆಯೇ ಇಲ್ಲ. ಸಮುದ್ರದ ಮೇಲೆ ಒಂದು ಮೋಡ ಕೂತಿತ್ತು, ಅಷ್ಟೆ. ಮಧ್ಯಾಹ್ನ ನಾಲ್ಕು ಹನಿ ಬಿದ್ದದ್ದೇ ತಡ, ಎದುರು ಮನೆಯ ಒಮಾನಿ ಕುಟುಂಬ ಚಾಪೆ, ಫ್ಲಾಸ್ಕು, ಮಕ್ಕಳು, ಅಜ್ಜಿ ಎಲ್ಲರನ್ನೂ ಕಾರಿಗೆ ತುಂಬಿಸಿಕೊಂಡು ಮಳೆ ನೋಡಲು ಹೊರಟಿತು. ನಾನು ಕಾಪುವಿನವಳು. ಜೂನಿನಲ್ಲಿ ಒಗೆದ ಬಟ್ಟೆ ಜುಲೈಯಲ್ಲೂ ಒಣಗದ ಊರು ನಮ್ಮದು. ಜನ ದುಡ್ಡಿನ ಪೆಟ್ರೋಲು ಸುಟ್ಟು ಮಳೆ ನೋಡಲು ಹೋಗುವುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಪಕ್ಕದ ಫ್ಲಾಟಿನ ಲವೀನಕ್ಕ ಮಾತ್ರ ನಗಲಿಲ್ಲ. ಅವರು ಶಿರ್ವದವರು, ಮನೆಯಲ್ಲಿ ಕೊಂಕಣಿ. ಇಲ್ಲಿಗೆ ಬಂದು ಎಷ್ಟೋ ಕಾಲವಾಗಿದೆ. "ನಗಬೇಡ ಮಾರಾಯ್ತಿ, ಇಲ್ಲಿಯ ಮಳೆ ತಲೆಯ ಮೇಲೆ ಬರುವುದಲ್ಲ, ಗುಡ್ಡದಿಂದ ಇಳಿದು ಬರುವುದು. ವಾದಿ ಬಂದರೆ ಕಾರು ಹೋಗುವುದು ಬೆಂಕಿಪೆಟ್ಟಿಗೆ ಹೋದ ಹಾಗೆ" ಎಂದರು. ವಾದಿ ಎಂದರೆ ವರ್ಷವಿಡೀ ಒಣಗಿ ಬಿದ್ದಿರುವ ಕಲ್ಲಿನ ಹೊಳೆಪಾತ್ರ. ಬೇರೆ ದಿನಗಳಲ್ಲಿ ಅದರಲ್ಲಿ ಆಡುಗಳು ಅಡ್ಡಾಡುತ್ತವೆ, ಹುಡುಗರು ಕಾಲ್ಚೆಂಡು ಆಡುತ್ತಾರೆ. ಆಯ್ತು ಎಂದು ತಲೆಯಾಡಿಸಿ ನಾನು ಒಳಗೆ ಬಂದೆ.

ಆಗ ನನಗೆ ಬೇರೆ ತಲೆನೋವುಗಳಿದ್ದವು. ಅಲ್ ಗುಬ್ರಾದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಬಟ್ಟೆ ಹರವಿದರೆ ಕಟ್ಟಡ ನೋಡಿಕೊಳ್ಳುವ ನಾತೂರ್ ಬೆಲ್ಲು ಬಾರಿಸುತ್ತಿದ್ದ: ರಸ್ತೆಗೆ ಕಾಣಿಸಬಾರದು, ದಂಡ ಬೀಳುತ್ತದೆ. ಕಾರಿನ ಮೇಲೆ ಧೂಳು ಕೂತರೂ ದಂಡವಂತೆ. ಮನೆಗಳೆಲ್ಲ ಬಿಳಿ, ರಸ್ತೆ ಬದಿಯ ಹೂವೆಲ್ಲ ಒಂದೇ ಎತ್ತರ, ಹಾರ್ನ್ ಎಂಬುದು ಕೇಳಿಸುವುದೇ ಇಲ್ಲ. ಮೊದಮೊದಲು ಇದೆಲ್ಲ ಚಂದ ಕಂಡಿತು. ಆಮೇಲೆ ಬೇಸರವಾಯಿತು. ಬೀದಿಯಲ್ಲಿ ನಡೆಯುವವರೇ ಇಲ್ಲದ ಊರಿನಲ್ಲಿ ಯಾರ ಹತ್ತಿರ ಮಾತಾಡುವುದು? ಮಗಳು ಅನ್ವಿಗೆ ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ಇಷ್ಟು ಶಿಸ್ತಿನ ಊರಿನಲ್ಲಿ ಕೆಟ್ಟದ್ದೇನೂ ಆಗಲಿಕ್ಕಿಲ್ಲ ಎಂಬ ಧೈರ್ಯ ಮಾತ್ರ ಒಳಗೊಳಗೇ ಬೆಳೆದಿತ್ತು.

ಒಂದು ವಾರಾಂತ್ಯದಲ್ಲಿ, ಗುಡ್ಡಗಳಾಚೆಯ ಇಬ್ರಿ ಎಂಬ ಊರಿನಲ್ಲಿ ಅಂಗಡಿ ಇಟ್ಟಿರುವ ನಮ್ಮವರ ದೊಡ್ಡಪ್ಪನ ಮಗನ ಮನೆಗೆ ಹೋಗಿದ್ದೆವು. ನಮ್ಮವರ ಹೆಸರು ದಿನೇಶ್. ಕೆಲಸ ಒಂದು ಸರಕು ಸಾಗಣೆ ಕಂಪೆನಿಯಲ್ಲಿ. ಇಲ್ಲಿ ಭಾನುವಾರವೇ ವಾರದ ಮೊದಲ ದಿನ. ಆ ಭಾನುವಾರ ಬೆಳಿಗ್ಗೆ ಅವರ ಆಫೀಸಿಗೆ ಮೇಲಿನವರು ಬರುವವರಿದ್ದರು. ಇವರ ಕಾಂಟ್ರಾಕ್ಟ್ ಮುಂದುವರಿಯುವುದೋ, ನಾವು ಗಂಟುಮೂಟೆ ಕಟ್ಟುವುದೋ ಅಲ್ಲೇ ತೀರ್ಮಾನವಾಗಬೇಕಿತ್ತು. ಹಾಗಾಗಿ ಶನಿವಾರ ಊಟ ಮುಗಿಸಿ ಬೇಗನೆ ಹೊರಟೆವು. ದಾರಿಯಲ್ಲಿ ಒಂದು ಹಳ್ಳಿಯ ಖರ್ಜೂರದ ತೋಟ ನೋಡೋಣವೆಂದು ಹೆದ್ದಾರಿ ಬಿಟ್ಟು ಒಳಗೆ ಹೋದವರೂ ನಾವೇ. ಹೋಗುವಾಗ ಒಂದು ವಾದಿ ದಾಟಿದ್ದು ಗೊತ್ತೇ ಆಗಲಿಲ್ಲ, ಅಷ್ಟು ಒಣಗಿತ್ತು.

ಹಿಂದಿರುಗುವಾಗ ಅದೇ ತಗ್ಗಿನಲ್ಲಿ ಕೆಂಪು ನೀರು ರಸ್ತೆಗೆ ಅಡ್ಡವಾಗಿ ಹರಿಯುತ್ತಿತ್ತು. ನಮ್ಮ ತಲೆಯ ಮೇಲೆ ಸುಡುವ ಬಿಸಿಲು. ದೂರದ ಗುಡ್ಡಗಳ ಮೇಲೆ ಮಾತ್ರ ಆಕಾಶ ಕಪ್ಪಾಗಿತ್ತು. ಆಳ ತೋರಿಸಲು ರಸ್ತೆಯ ಅಂಚಿಗೆ ನೆಟ್ಟಿದ್ದ ಕೆಂಪು ಬಿಳಿ ಕಂಬಗಳ ಬುಡವನ್ನು ನೀರು ಆಗಲೇ ನೆಕ್ಕುತ್ತಿತ್ತು.

"ಎಂತ ಇದು, ಇಷ್ಟಕ್ಕೆಲ್ಲ ಹೆದರುವುದಾ? ನಮ್ಮಲ್ಲಿ ಇದಕ್ಕೆ ಮಳೆ ಅಂತಲೇ ಹೇಳುವುದಿಲ್ಲ" ಎಂದರು ನಮ್ಮವರು, ಗೇರು ಬದಲಿಸುತ್ತಾ.

"ಸ್ವಲ್ಪ ನಿಲ್ಲಿ. ಲವೀನಕ್ಕ ಹೇಳಿದ್ದು ನೆನಪುಂಟಲ್ಲ."

"ಲವೀನಕ್ಕ ನಾಳೆ ನನ್ನ ಆಫೀಸಿಗೆ ಬಂದು ಕೂತುಕೊಳ್ಳುತ್ತಾರಾ? ನೆರೆಯಲ್ಲಿ ದೋಣಿ ಹಾಕಿದವ ನಾನು. ನೀರು ನೋಡಿದರೆ ನನಗೆ ಗೊತ್ತಾಗುತ್ತದೆ."

ಅದು ಸುಳ್ಳೇನಲ್ಲ. ಊರಿನಲ್ಲಿ ಅವರಿಗೆ ಗೊತ್ತಾಗುತ್ತಿತ್ತು. ಅಲ್ಲಿ ನೀರು ಅಂಗಳಕ್ಕೆ ಬಂದು, ಮೆಟ್ಟಿಲು ಮುಟ್ಟಿ, ನೆಂಟರ ಹಾಗೆ ತಿಳಿಸಿಯೇ ಒಳಗೆ ಬರುತ್ತದೆ. ಇಲ್ಲಿ ಗುಡ್ಡವೆಲ್ಲ ಬರೀ ಬಂಡೆ, ಬಿದ್ದದ್ದನ್ನು ಒಂದು ಹನಿಯೂ ಕುಡಿಯುವುದಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಬಿಳಿ ಕಾರು ಬಂದು ನಮ್ಮನ್ನು ದಾಟಿ, ರಸ್ತೆಗೆ ಅಡ್ಡ ನಿಂತಿತು. ಕಪ್ಪು ಅಬಾಯಾ ತೊಟ್ಟ ಒಬ್ಬಳು ಯುವತಿ ಇಳಿದು ಬಂದಳು. ಅದೇ ಹಳ್ಳಿಯ ಶಾಲೆಯಲ್ಲಿ ಟೀಚರ್, ಹೆಸರು ಮರ್ಯಮ್ ಎಂದು ಆಮೇಲೆ ತಿಳಿಯಿತು. "ಇಲ್ಲ ಬ್ರದರ್, ಈಗ ಆಗುವುದಿಲ್ಲ. ವಾದಿ ಖಲಾಸ್ ಆಗುವವರೆಗೆ ಕಾಯಿರಿ" ಎಂದಳು ಇಂಗ್ಲಿಷಿನಲ್ಲಿ. ಮುಗಿಯುವವರೆಗೆ ಎಂದರ್ಥ.

"ಎಷ್ಟು ಹೊತ್ತು?" ಎಂದರು ಇವರು.

"ಅದು ವಾದಿಗೆ ಗೊತ್ತು. ನಮ್ಮ ಮನೆ ಇಲ್ಲೇ, ಬನ್ನಿ."

ನಮ್ಮವರು ಥ್ಯಾಂಕ್ಸ್ ಎಂದರು, ನಕ್ಕರು, ಕಿಟಕಿ ಏರಿಸಿದರು. ಆಮೇಲೆ ಆಕೆಯ ಕಾರಿನ ಪಕ್ಕ ಉಳಿದಿದ್ದ ಜಾಗದಲ್ಲಿ ನಮ್ಮ ಕಾರನ್ನು ನುಗ್ಗಿಸಿಯೇ ಬಿಟ್ಟರು. ಮುಂದಿನ ಚಕ್ರ ನೀರಿಗಿಳಿದ ಸದ್ದು ನನ್ನ ಕಾಲಿನ ಕೆಳಗೇ ಕೇಳಿಸಿತು. ಹಿಂದಿನ ಸೀಟಿನಿಂದ ಅನ್ವಿ "ಅಮ್ಮಾ" ಎಂದಳು.

"ನಿಲ್ಲಿಸಿ. ನಾನು ಇಳಿಯುತ್ತೇನೆ" ಎಂದೆ.

"ಮರ್ಯಾದೆ ತೆಗೀಬೇಡ. ಆಕೆ ನೋಡುತ್ತಿದ್ದಾಳೆ."

"ನೋಡಲಿ. ನಿಮಗೆ ಹೋಗಲೇಬೇಕಾದರೆ ಹೋಗಿ. ನಾನೂ ಮಗುವೂ ಬರುವುದಿಲ್ಲ."

ಬಾಗಿಲು ತೆಗೆದೆ. ಕಾರು ಗಕ್ಕನೆ ನಿಂತಿತು. ನೀರು ಪಾದಕ್ಕೆ ಮಾತ್ರ ಬರುತ್ತಿತ್ತು, ಆದರೆ ಅದರ ಎಳೆತಕ್ಕೆ ಚಪ್ಪಲಿ ಕಳಚಿಕೊಂಡು ಹೋಯಿತು. ಮದುವೆಯಾದ ಮೇಲೆ ಅವರ ಮಾತನ್ನು ನಾಲ್ಕು ಜನರೆದುರು ನಾನು ಮೀರಿದ್ದೇ ಇಲ್ಲ. ಪರದೇಶದ ರಸ್ತೆಯಲ್ಲಿ, ಬರಿಗಾಲಿನಲ್ಲಿ, ಮಗಳನ್ನು ಎತ್ತಿಕೊಂಡು ಮೇಲೆ ಬರುವಾಗ ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು. ಮರ್ಯಮ್ ಓಡಿಬಂದು ಮಗುವನ್ನು ಇಸಿದುಕೊಂಡಳು.

ಅವರು ಕಾರಿನಲ್ಲೇ ಕೂತಿದ್ದರು. ಎರಡೂ ಕೈ ಸ್ಟೀರಿಂಗಿನ ಮೇಲೆ. ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಕಂಬದಲ್ಲಿ ಒಂದು ಕೆಂಪು ಪಟ್ಟಿ ಮುಳುಗಿದ್ದು ನನಗೆ ಕಾಣುತ್ತಿತ್ತು. ಕೂಗಿದರೆ ಹಟಕ್ಕೆ ಮುಂದೆ ಹೋದಾರು ಎಂದು ಬಾಯಿ ಮುಚ್ಚಿಕೊಂಡು ನಿಂತೆ. ಆ ಗಳಿಗೆಯಲ್ಲಿ ಅವರನ್ನು ಕಳೆದುಕೊಂಡೆ ಅಂತಲೇ ಅನ್ನಿಸಿತ್ತು. ಕೊನೆಗೆ ಹಿಂದಿನ ಬಿಳಿ ದೀಪ ಹತ್ತಿತು. ಕಾರು ತೆವಳುತ್ತ ಹಿಂದಕ್ಕೆ ಬಂತು.

ಅವರು ಇಂಜಿನ್ ಆರಿಸಿ ಇಳಿದರೋ ಇಲ್ಲವೋ, ಗುಡ್ಡದ ಕಡೆಯಿಂದ ಲಾರಿಗಟ್ಟಲೆ ಜಲ್ಲಿ ಸುರಿದಂಥ ಸದ್ದು ಬಂತು. ತಿರುವಿನಲ್ಲಿ ಮೊದಲು ಕಂಡದ್ದು ನೀರಲ್ಲ, ಒಂದು ಇಡೀ ಮರ. ಅದರ ಹಿಂದೆ ಕಲ್ಲು, ಕೆಸರು, ಯಾರದೋ ತೋಟದ ಬೇಲಿ. ಕಾರು ನಿಂತಿದ್ದ ಜಾಗವಾಗಲಿ ಕಂಬಗಳಾಗಲಿ ಮತ್ತೆ ಕಾಣಿಸಲಿಲ್ಲ. ನಮ್ಮವರು ರಸ್ತೆಯ ಮೇಲೆಯೇ ಕುಕ್ಕರಿಸಿದರು.

ಆ ರಾತ್ರಿ ಮರ್ಯಮ್‌ಳ ಮನೆಯಲ್ಲಿ ಉಳಿದೆವು. ಅವಳ ತಾಯಿ ನನಗೆ ತನ್ನ ಚಪ್ಪಲಿ ಕೊಟ್ಟು, ಖರ್ಜೂರವನ್ನೂ ಏಲಕ್ಕಿ ಹಾಕಿದ ಕಹ್ವಾವನ್ನೂ ಮುಂದಿಟ್ಟರು. ಕಹ್ವಾ ಎಂದರೆ ಇಲ್ಲಿಯ ಹಾಲಿಲ್ಲದ ಕಾಫಿ. ನಮ್ಮವರು ಆಫೀಸಿನ ಒಮಾನಿ ಮ್ಯಾನೇಜರಿಗೆ ಫೋನು ಮಾಡಿ ತೊದಲುತ್ತಾ ವಿಷಯ ಹೇಳಿದರು. "ವಾದಿ ಬಂತಾ? ಹಾಗಾದರೆ ಅಲ್ಲೇ ಇರಿ, ನಾಳೆಯದನ್ನು ನಾಡಿದ್ದು ಮಾಡೋಣ" ಎಂದಷ್ಟೇ ಹೇಳಿ ಆತ ಫೋನಿಟ್ಟ. ಬಟ್ಟೆ ಒಣಹಾಕಲು ಬಿಡದ ದೇಶ ನೀರಿಗೆ ಇಷ್ಟು ಸಲೀಸಾಗಿ ದಾರಿ ಬಿಡುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಕಾಂಟ್ರಾಕ್ಟ್ ಮುಂದುವರಿಯಿತು. ನಾನು ಇಳಿದ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಜುಲೈಯಲ್ಲಿ ರಜೆಗೆ ಊರಿಗೆ ಹೋದೆವು. ಧೋ ಎಂದು ಮಳೆ. ಮನೆಗೆ ಹೋಗುವ ಮಣ್ಣಿನ ದಾರಿಯಲ್ಲಿ, ಗದ್ದೆಗಳ ನಡುವಿನ ತೋಡು ಉಕ್ಕಿ ಮೋರಿಯ ಮೇಲೆ ನೀರು ಹರಿಯುತ್ತಿತ್ತು. ಗೇಣು ನೀರೂ ಇರಲಿಲ್ಲ. ನಮ್ಮವರು ಕಾರು ನಿಲ್ಲಿಸಿದರು.

"ಎಂತ ಅಣ್ಣ?" ಎಂದ ಪಕ್ಕದಲ್ಲಿದ್ದ ಮೈದುನ ಸುರೇಶ.

"ಇಳಿಯಲಿ. ಕಾಯೋಣ."

"ಇಳಿಯುವುದಾ? ಇದು ಇಳಿಯುವುದು ಸೆಪ್ಟೆಂಬರಿಗೆ." ಸುರೇಶ ನಕ್ಕ. ನಮ್ಮವರು ನಗಲಿಲ್ಲ, ಕನ್ನಡಿಯಲ್ಲಿ ನನ್ನ ಮುಖ ನೋಡಿದರು. "ಹೋಗಿ, ಇದು ನಮ್ಮದೇ ತೋಡು" ಎಂದು ಹೇಳಬೇಕೆಂದುಕೊಂಡೆ. ನಾಲಗೆ ಏಳಲಿಲ್ಲ. ಮಗಳು ನನ್ನ ಸೆರಗು ಹಿಡಿದು ಆಗಲೇ ಬಾಗಿಲ ಕಡೆ ಸರಿದಿದ್ದಳು.

ಸುರೇಶ ಛತ್ರಿಯನ್ನೂ ಬಿಚ್ಚದೆ ಇಳಿದು ಸುತ್ತಿ ಬಂದು ಅಣ್ಣನ ಕಡೆಯ ಬಾಗಿಲು ತೆಗೆದ. "ನೀನು ಹಿಂದೆ ಕೂತುಕೋ ಅಣ್ಣ, ನಾನು ದಾಟಿಸುತ್ತೇನೆ" ಎಂದ. ನಮ್ಮವರು ನನ್ನ ಪಕ್ಕ ಬಂದು ಕೂತರು. ಅವರು ಹುಟ್ಟಿದಂದಿನಿಂದ ಕಾಲಾಡಿಸಿದ ತೋಡನ್ನು ನಾವು ಮೂವರೂ ಕೈ ಕೈ ಹಿಡಿದುಕೊಂಡು, ಪರವೂರಿನವರಂತೆ, ಹಿಂದಿನ ಸೀಟಿನಲ್ಲಿ ಕೂತು ದಾಟಿದೆವು.